ಮೆದುಳಿನ ಬಗ್ಗೆ ಓದಲು ಡಾಕ್ಟರೇ ಆಗಬೇಕೆ?

ಕಳೆದ ದೀಪಾವಳಿಯ ಸಮಯ. ಮೊಳಕಾಲ್ಮೂರಿನ ಒಂದು ನೇಕಾರ ಕುಟುಂಬ ಚಳ್ಳಕೆರೆಯ ನನ್ನ ಚಿಕಿತ್ಸಾಲಯಕ್ಕೆ ಬಂದಿತ್ತು. ತಂದೆ, ತಾಯಿ, ಹನ್ನೊಂದು ವರ್ಷದ ಮಗ ಮತ್ತು ದ್ವಿತೀಯ ಪಿಯುಸಿ ಓದುತ್ತಿದ್ದ ಮಗಳು. ಹಬ್ಬದ ಬೆಳಗ್ಗೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕುವಾಗ ಹುಡುಗನಿಗೆ ಮೂರ್ಛೆ ಬಂದಿತ್ತು.

"ನಾಕು ಚೊಂಬು ಹಾಕಿದ್ದೆ ಸ್ವಾಮಿ. ಐದನೇದು ಹಾಕೋ ಹೊತ್ತಿಗೆ ಹುಡುಗ ಒಂದೇ ಕಡೆ ನೋಡ್ಕಂಡು ಕುಂತುಬಿಟ್ಟ. ಕೂಗಿದ್ರೆ ಓ ಅನ್ನಲಿಲ್ಲ. ಆಮ್ಯಾಲೆ ಕೈಕಾಲು ಸೆಟೆದುಕೊಂಡವು" ಎಂದು ತಾಯಿ ಕಣ್ಣೀರು ಹಾಕಿದರು.

ಹೀಗಾದದ್ದು ಅದು ಮೂರನೆಯ ಸಲ. ಬಚ್ಚಲಮನೆಯಲ್ಲಿ ಗಾಳಿ ಸೋಕಿದೆ ಎಂದು ಹಿರಿಯರು ಹೇಳಿದ್ದರಿಂದ ಹುಡುಗನ ತೋಳಿನಲ್ಲಿ ಎರಡು ತಾಯಿತ ಇದ್ದವು. ಅಷ್ಟರಲ್ಲಿ ಮಗಳು ಒಂದು ನೋಟ್‌ಪುಸ್ತಕ ತೆಗೆದು ನನ್ನ ಮುಂದಿಟ್ಟಳು. ಯಾವ ದಿನ ಮೂರ್ಛೆ ಬಂತು, ಎಷ್ಟು ನಿಮಿಷ ಇತ್ತು, ನೀರು ಎಷ್ಟು ಬಿಸಿ ಇತ್ತು ಎಲ್ಲವನ್ನೂ ಬರೆದಿದ್ದಳು. ಉಗುರು ಬೆಚ್ಚಗಿನ ನೀರು ಹಾಕಿದ ದಿನಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ. ಮೈಗೆ ಮಾತ್ರ ಬಿಸಿನೀರು ಹಾಕಿದಾಗಲೂ ಬಂದಿರಲಿಲ್ಲ. ರೋಗ ಯಾವುದೆಂದು ಆ ಪುಟದಲ್ಲೇ ಅರ್ಧ ಗೊತ್ತಾಯಿತು. ಅದು ಬಿಸಿನೀರಿನ ಮೂರ್ಛೆ.

ಹುಡುಗನನ್ನು ನರರೋಗ ತಜ್ಞರ ಬಳಿ ಕಳುಹಿಸಿದೆ. ಅವರು ರೋಗವನ್ನು ಖಚಿತಪಡಿಸಿದರು. ಈಗ ಆತ ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡುತ್ತಾನೆ, ತಜ್ಞರು ಹೇಳಿದಂತೆ ಮಾತ್ರೆ ನುಂಗುತ್ತಾನೆ, ಚೆನ್ನಾಗಿದ್ದಾನೆ. ಆದರೆ ಅಂದು ಹೊರಡುವ ಮುಂಚೆ ಅವನ ಅಕ್ಕ ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. "ಸಾರ್, ಬಿಸಿನೀರು ತಲೆ ಮೇಲೆ ಬಿದ್ದರೆ ಮಾತ್ರ ಯಾಕೆ ಬರುತ್ತೆ? ನಮಗೆ ಯಾರಿಗೂ ಬರದೆ ಅವನಿಗೊಬ್ಬನಿಗೇ ಯಾಕೆ?"

ಕಳೆದ ಜೂನ್‌ನಲ್ಲಿ ಆಕೆ ತಂದೆಯ ಜೊತೆ ಮತ್ತೆ ಬಂದಳು. ನೀಟ್ ಪರೀಕ್ಷೆಯಲ್ಲಿ ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ. ಸಾಲ ಮಾಡಿಯಾದರೂ ಒಂದು ವರ್ಷ ಕೋಚಿಂಗ್‌ಗೆ ಕಳುಹಿಸಬೇಕೆಂಬುದು ತಂದೆಯ ಹಟ. "ಮೆದುಳಿನ ಬಗ್ಗೆ ಓದ್ತೀನಿ ಅಂತಾಳೆ. ಡಾಕ್ಟರಾಗದೆ ಅದನ್ನು ಓದೋದು ಹೆಂಗೆ? ನೀವೇ ಬುದ್ಧಿ ಹೇಳಿ" ಎಂದರು. ಹುಡುಗಿ ಮುಖ ಬಾಡಿಸಿಕೊಂಡು ಕುಳಿತಿದ್ದಳು. ಇದೇ ಪ್ರಶ್ನೆ ನಿಮ್ಮ ಮನೆಯಲ್ಲೂ ಇರಬಹುದು. ಆದ್ದರಿಂದ ಈ ವಾರ ಅದಕ್ಕೆ ಉತ್ತರ ಹುಡುಕೋಣ.

ಬಚ್ಚಲಮನೆಯಿಂದ ಪ್ರಯೋಗಾಲಯಕ್ಕೆ

ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನಾನು ವೃತ್ತಿ ಆರಂಭಿಸಿದ ಹೊಸತರಲ್ಲಿ ಒಬ್ಬ ತಾಯಿ ಇಂಥದೇ ಮಗುವನ್ನು ಕರೆತಂದಿದ್ದರು. "ತಲೆಗೆ ನೀರು ಹಾಕಿದಾಗಲೇ ಬರ್ತದೆ" ಎಂದು ಮೂರು ಸಲ ಹೇಳಿದರು. ನಾನು ಕಿವಿಗೊಡಲಿಲ್ಲ. ಮೂರ್ಛೆಗೂ ಸ್ನಾನಕ್ಕೂ ಸಂಬಂಧವಿಲ್ಲ ಎಂದು ಗದರಿ, ಮಾತ್ರೆ ಬರೆದುಕೊಟ್ಟೆ. ಆ ತಾಯಿ ಸರಿ, ನಾನು ತಪ್ಪು ಎಂದು ತಿಳಿದದ್ದು ತಜ್ಞರ ಪತ್ರ ಬಂದ ಮೇಲೆ.

ಆ ತಾಯಿ ಹೇಳಿದ್ದನ್ನು ವಿಜ್ಞಾನಿಗಳು ಅದಕ್ಕೂ ಬಹಳ ಹಿಂದೆಯೇ ಗಂಭೀರವಾಗಿ ತೆಗೆದುಕೊಂಡಿದ್ದರು. ಬಿಸಿನೀರಿನ ಮೂರ್ಛೆಯ ಮೊದಲ ವರದಿ 1945ರಲ್ಲಿ ದೂರದ ನ್ಯೂಜಿಲೆಂಡ್‌ನಿಂದ ಬಂತು. ಆದರೆ ಈ ರೋಗದ ಹೆಚ್ಚಿನ ರೋಗಿಗಳು ಕಂಡುಬಂದದ್ದು ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಕರ್ನಾಟಕದಲ್ಲಿ. ಬೆಂಗಳೂರಿನ ಹೆಸರಾಂತ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇದನ್ನು ವೈದ್ಯಲೋಕದ ಗಮನಕ್ಕೆ ತಂದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶಚಂದ್ರ ಮತ್ತು ಸಂಗಡಿಗರು ದಕ್ಷಿಣ ಕರ್ನಾಟಕದ 279 ರೋಗಿಗಳ ವಿವರವನ್ನು ಪ್ರಕಟಿಸಿದರು. ಹುಡುಗರಲ್ಲಿ ಹೆಚ್ಚು, ಹಂಡೆಯ ಬಿಸಿನೀರನ್ನು ಚೊಂಬಿನಿಂದ ಒಂದೇ ಸಮನೆ ತಲೆಗೆ ಸುರಿದಾಗ ಬರುತ್ತದೆ ಎಂಬ ಚಿತ್ರ ಸ್ಪಷ್ಟವಾಯಿತು. ನಮ್ಮ ಸ್ನಾನದ ಪದ್ಧತಿಯೇ ಇದಕ್ಕೆ ಒಂದು ಕಾರಣ ಎಂದಾಯಿತು.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 1990ರ ದಶಕದಲ್ಲಿ ನಿಮ್ಹಾನ್ಸ್‌ನ ಸಂಶೋಧಕರು ಇಲಿಗಳ ಮೇಲೆ ಬಿಸಿನೀರು ಹಾಯಿಸಿ, ಮೆದುಳಿನ ಉಷ್ಣತೆ ಏರಿದಂತೆ ಮೂರ್ಛೆ ಹೇಗೆ ಶುರುವಾಗುತ್ತದೆ ಎಂದು ಅಳೆದರು. ಒಂದೇ ವಂಶದ ಹಲವರಲ್ಲಿ ಈ ರೋಗ ಕಂಡುಬರುವ ಕುಟುಂಬಗಳೂ ಇವೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಂಥ ಕುಟುಂಬಗಳ ರಕ್ತ ಪರೀಕ್ಷಿಸಿ, ರೋಗಕ್ಕೆ ಸಂಬಂಧಿಸಿದ ಭಾಗಗಳನ್ನು 10ನೇ ಮತ್ತು 4ನೇ ವರ್ಣತಂತುಗಳಲ್ಲಿ ಗುರುತಿಸಿದರು.

ಈ ಸಾಲಿನಲ್ಲಿ ಯಾರ್ಯಾರು ಇದ್ದಾರೆ ಗಮನಿಸಿ. ರೋಗಿಯನ್ನು ನೋಡಿದವರು ವೈದ್ಯರು. ಇಲಿಯ ಮೆದುಳಿನಲ್ಲಿ ವಿದ್ಯುತ್ತನ್ನು ಅಳೆಯುವುದು, ವರ್ಣತಂತುಗಳನ್ನು ಜಾಲಾಡುವುದು, ಲೆಕ್ಕ ಹಾಕಿ ತಾಳೆ ನೋಡುವುದು ಇವಕ್ಕೆಲ್ಲ ಎಂಬಿಬಿಎಸ್ ಪದವಿಯೇ ಬೇಕೆಂದಿಲ್ಲ. ಜೀವವಿಜ್ಞಾನ, ಭೌತವಿಜ್ಞಾನ, ಗಣಿತ ಓದಿದವರು ಈ ಕೆಲಸಗಳಲ್ಲಿ ಎಲ್ಲೆಡೆ ಇದ್ದಾರೆ. ನಮ್ಮ ಹುಡುಗಿಯ ಪ್ರಶ್ನೆ ಇವರೆಲ್ಲರ ಪ್ರಶ್ನೆಯೂ ಹೌದು.

ನರವಿಜ್ಞಾನ ಎಂದರೇನು?

ನರರೋಗ ಚಿಕಿತ್ಸೆ ಬೇರೆ, ನರವಿಜ್ಞಾನ ಬೇರೆ. ಮೊದಲನೆಯದು ಕೆಟ್ಟದ್ದನ್ನು ಸರಿಪಡಿಸುವ ಕೆಲಸ. ಎರಡನೆಯದು ಮೆದುಳು, ಬೆನ್ನುಹುರಿ ಮತ್ತು ನರಗಳು ಕೆಲಸ ಮಾಡುವುದು ಹೇಗೆ ಎಂದು ಹುಡುಕುವ ವಿದ್ಯೆ. ನೋವು, ನಿದ್ರೆ, ನೆನಪು, ಭಯ, ಮಾತು ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ.

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದು ಕೋಶವೂ ಸಾವಿರಾರು ಕೋಶಗಳೊಡನೆ ಸಂಪರ್ಕ ಹೊಂದಿರಬಲ್ಲದು. ಕೋಶದ ಒಳಗೂ ಹೊರಗೂ ಉಪ್ಪಿನ ಅಂಶಗಳಾದ ಸೋಡಿಯಂ ಮತ್ತು ಪೊಟ್ಯಾಸಿಯಂ ಬೇರೆ ಬೇರೆ ಪ್ರಮಾಣದಲ್ಲಿರುತ್ತವೆ. ಕೋಶದ ಪೊರೆಯಲ್ಲಿರುವ ಸಣ್ಣ ಬಾಗಿಲುಗಳು ತೆರೆದು ಮುಚ್ಚಿದಾಗ ಇವು ಒಳಹೊರಗೆ ನುಗ್ಗಿ ಕ್ಷಣಮಾತ್ರದ ವಿದ್ಯುತ್ ಸಂಕೇತ ಉಂಟಾಗುತ್ತದೆ. ಈ ಲೆಕ್ಕವನ್ನು 1952ರಲ್ಲಿ ಬಿಡಿಸಿದವರು ಇಂಗ್ಲೆಂಡಿನ ಹಾಜ್‌ಕಿನ್ ಮತ್ತು ಹಕ್ಸ್‌ಲಿ. ಅವರು ಬಳಸಿದ್ದು ಸಮುದ್ರದ ಸ್ಕ್ವಿಡ್ ಎಂಬ ಪ್ರಾಣಿಯ ದಪ್ಪ ನರ ಮತ್ತು ಗಣಿತದ ಸಮೀಕರಣ. 1963ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ನರವಿಜ್ಞಾನಕ್ಕೆ ಗಣಿತ, ಭೌತಶಾಸ್ತ್ರ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮೂರ್ಛೆ ಎಂದರೆ ಏನಾಗುತ್ತದೆ? ಸಂತೆಯನ್ನು ನೆನಪು ಮಾಡಿಕೊಳ್ಳಿ. ಒಬ್ಬರು ಚೌಕಾಸಿ ಮಾಡುತ್ತಾರೆ, ಒಬ್ಬರು ಕೂಗುತ್ತಾರೆ, ಒಬ್ಬರು ಹರಟುತ್ತಾರೆ. ದೂರ ನಿಂತವರಿಗೆ ಬರೀ ಗುಜುಗುಜು ಕೇಳುತ್ತದೆ. ಆರೋಗ್ಯವಂತ ಮೆದುಳಿನಲ್ಲಿ ನರಕೋಶಗಳು ಹೀಗೆ ತಮ್ಮ ತಮ್ಮ ಕೆಲಸದಲ್ಲಿರುತ್ತವೆ. ಈಗ ನಾಯಕನಹಟ್ಟಿಯ ತೇರನ್ನು ನೆನೆಯಿರಿ. ತೇರು ಕದಲಿದ ಕ್ಷಣ ಸೇರಿದ ಜನರೆಲ್ಲ ಒಂದೇ ಉಸಿರಿಗೆ ಜಯಕಾರ ಹಾಕುತ್ತಾರೆ. ಆ ಸದ್ದು ಪಕ್ಕದ ಊರಿಗೂ ಕೇಳುತ್ತದೆ. ಜಾತ್ರೆಯಲ್ಲಿ ಅದು ಚೆಂದ. ಮೆದುಳಿನಲ್ಲಿ ಲಕ್ಷಾಂತರ ಕೋಶಗಳು ಹಾಗೆ ಒಟ್ಟಿಗೆ ಕೂಗಿದರೆ ಬೇರೆ ಯಾವ ಕೆಲಸವೂ ನಡೆಯುವುದಿಲ್ಲ. ಪ್ರಜ್ಞೆ ತಪ್ಪುತ್ತದೆ, ಕೈಕಾಲು ಅದುರುತ್ತವೆ. ತಲೆಗೆ ತಂತಿಗಳನ್ನಿಟ್ಟು ಮಾಡುವ ಇಇಜಿ ಪರೀಕ್ಷೆಯಲ್ಲಿ ಈ ಒಕ್ಕೊರಲಿನ ಕೂಗು ದೊಡ್ಡ ಅಲೆಗಳಾಗಿ ಮೂಡುತ್ತದೆ. ಮನುಷ್ಯರ ಮೇಲೆ ಈ ಪರೀಕ್ಷೆಯನ್ನು ಮೊದಲು ಮಾಡಿದವರು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ.

ಪದವಿಯಲ್ಲಿ ಏನು ಓದಬೇಕು?

ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ನರವಿಜ್ಞಾನವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡು ಪದವಿ ಪಡೆಯಬಹುದು. ನಮ್ಮ ದೇಶದಲ್ಲಿ ಅಂಥ ಪದವಿ ಅಪರೂಪ. ಇಲ್ಲಿನ ರೂಢಿ ಬೇರೆ: ಪದವಿಯಲ್ಲಿ ಮೂಲ ವಿಜ್ಞಾನವನ್ನು ಗಟ್ಟಿ ಮಾಡಿಕೊಂಡು, ಸ್ನಾತಕೋತ್ತರ ಹಂತದಲ್ಲಿ ಅಥವಾ ಸಂಶೋಧನೆಯಲ್ಲಿ ನರವಿಜ್ಞಾನಕ್ಕೆ ಹೊರಳುವುದು. ಇದರಿಂದ ನಷ್ಟವಿಲ್ಲ. ತಳಪಾಯ ಗಟ್ಟಿಯಾಗುತ್ತದೆ, ಮನಸ್ಸು ಬದಲಾದರೆ ಬೇರೆ ದಾರಿಯೂ ತೆರೆದಿರುತ್ತದೆ. ಮುಖ್ಯ ದಾರಿಗಳು ಇವು.

ಒಂದು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಇಲ್ಲಿ 2011ರಿಂದ ನಾಲ್ಕು ವರ್ಷದ ವಿಜ್ಞಾನ ಪದವಿ ಇದೆ. ಮೊದಲಿಗೆ ಎಲ್ಲರೂ ಭೌತ, ರಸಾಯನ, ಗಣಿತ, ಜೀವವಿಜ್ಞಾನಗಳನ್ನು ಓದುತ್ತಾರೆ. ನಂತರ ಜೀವವಿಜ್ಞಾನವನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡವರು ಕೊನೆಯ ವರ್ಷದ ಸಂಶೋಧನೆಯನ್ನು ಮೆದುಳಿನ ಮೇಲೆ ಮಾಡಲು ಅವಕಾಶವಿದೆ. ಸಂಸ್ಥೆಯಲ್ಲಿ ನರವಿಜ್ಞಾನಕ್ಕೇ ಪ್ರತ್ಯೇಕ ವಿಭಾಗವೂ ಇದೆ. ನಮ್ಮ ತಾಲ್ಲೂಕಿನ ಕುದಾಪುರದಲ್ಲಿ ಈ ಸಂಸ್ಥೆಗೆ 1,500 ಎಕರೆ ಆವರಣವಿರುವುದರಿಂದ "ಕುದಾಪುರದಲ್ಲೇ ಸೇರಿಸಬಹುದಲ್ಲ" ಎಂದು ಅನೇಕರು ಕೇಳುತ್ತಾರೆ. ಕುದಾಪುರದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತಾ ಬಂದಿದೆ. ಈ ಪದವಿಯ ತರಗತಿಗಳು ನಡೆಯುವುದು ಬೆಂಗಳೂರಿನಲ್ಲಿ.

ಎರಡು: ಐಸರ್‌ಗಳು. 2006ರಿಂದ ಆರಂಭವಾದ ಈ ಕೇಂದ್ರ ಸರ್ಕಾರಿ ಸಂಸ್ಥೆಗಳು ಪುಣೆ, ತಿರುವನಂತಪುರ, ತಿರುಪತಿ ಮುಂತಾದ ಕಡೆ ಇವೆ. ಪದವಿ ಮತ್ತು ಸ್ನಾತಕೋತ್ತರ ಸೇರಿ ಐದು ವರ್ಷ. ಇವೆರಡು ಕಡೆಗೂ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಹಿಂದೆ ಇದ್ದ ಕಿಶೋರ್ ವೈಜ್ಞಾನಿಕ್ ಪ್ರೋತ್ಸಾಹನ್ ಯೋಜನೆ 2022ರಲ್ಲಿ ನಿಂತಿದೆ. ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನಂಬಿ.

ಮೂರು: ಊರಿನ ಸಮೀಪದ ಪದವಿ ಕಾಲೇಜು. ಇದನ್ನು ಕೀಳಾಗಿ ಕಾಣಬೇಡಿ. ಚಳ್ಳಕೆರೆಯಲ್ಲೂ ಮೊಳಕಾಲ್ಮೂರಿನಲ್ಲೂ ಸರ್ಕಾರಿ ಪದವಿ ಕಾಲೇಜುಗಳಿವೆ. ಯಾವ ಯಾವ ವಿಷಯಗಳ ಸಂಯೋಜನೆ ಸಿಗುತ್ತದೆ ಎಂದು ಕಚೇರಿಯಲ್ಲಿ ವಿಚಾರಿಸಿ. ರಸಾಯನ ವಿಜ್ಞಾನದೊಡನೆ ಪ್ರಾಣಿಶಾಸ್ತ್ರ, ಅಥವಾ ಭೌತ ಮತ್ತು ಗಣಿತ, ಅಥವಾ ಮನೋವಿಜ್ಞಾನ, ಯಾವುದರಿಂದಲೂ ಮುಂದೆ ನರವಿಜ್ಞಾನಕ್ಕೆ ಬರಬಹುದು. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಜಾರಿಗೆ ಬಂದಿದೆ. ಆ ಮೇಲೆ ಎಂ.ಎಸ್‌ಸಿ. ಮಾಡಿ, ಪ್ರವೇಶ ಪರೀಕ್ಷೆ ಬರೆದು ನಿಮ್ಹಾನ್ಸ್, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಇಂಥ ಕಡೆ ಪಿಎಚ್.ಡಿ.ಗೆ ಸೇರಲು ಪ್ರಯತ್ನಿಸಬಹುದು.

ನಾಲ್ಕು: ಅರೆವೈದ್ಯಕೀಯ ಪದವಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅರೆವೈದ್ಯಕೀಯ ಪದವಿಗಳ ಪಟ್ಟಿಯಲ್ಲಿ 'ನ್ಯೂರೋಸೈನ್ಸ್ ಟೆಕ್ನಾಲಜಿ' ಎಂಬ ಹೆಸರು ಕಾಣಬಹುದು. ಹೆಸರು ನೋಡಿ ಮೋಸಹೋಗಬೇಡಿ, ಹಾಗೆಂದು ತಿರಸ್ಕರಿಸಲೂ ಬೇಡಿ. ಇದು ಆಸ್ಪತ್ರೆಯಲ್ಲಿ ಇಇಜಿ, ನರಗಳ ಪರೀಕ್ಷೆ ಇತ್ಯಾದಿ ಮಾಡುವ ತಂತ್ರಜ್ಞರ ತರಬೇತಿ. ಬೇಗ ದುಡಿಮೆಗೆ ಇಳಿಯಬೇಕಾದ ಮನೆಯ ಮಕ್ಕಳಿಗೆ ಒಳ್ಳೆಯದು. ಸಂಶೋಧನೆಯೇ ಗುರಿಯಾಗಿದ್ದರೆ ಮೊದಲ ಮೂರು ದಾರಿಗಳೇ ನೇರ.

ಐದನೆಯ ದಾರಿ ನನ್ನದು, ಎಂಬಿಬಿಎಸ್. ಅದು ಖಂಡಿತ ಒಂದು ದಾರಿ. ಆದರೆ ಒಂದೇ ದಾರಿಯಲ್ಲ.

ಪಿಯುಸಿಗೆ ಸೇರುವ ಮಕ್ಕಳಿಗೆ ಒಂದು ಮಾತು. ಜೀವಶಾಸ್ತ್ರ ಇಷ್ಟವೆಂದು ಗಣಿತವನ್ನು ಬಿಡಬೇಡಿ. ಎರಡನ್ನೂ ಉಳಿಸಿಕೊಂಡವರಿಗೆ ಹೆಚ್ಚು ಬಾಗಿಲುಗಳು ತೆರೆಯುತ್ತವೆ.

ಕಾಲ, ಖರ್ಚು, ಕೆಲಸ

ತಂದೆತಾಯಿಗಳಿಗೆ ಸಿಹಿಮಾತು ಮಾತ್ರ ಹೇಳಿದರೆ ಅನ್ಯಾಯವಾಗುತ್ತದೆ. ನರವಿಜ್ಞಾನ ಉದ್ದದ ಹಾದಿ. ಪದವಿಗೆ ಮೂರು ವರ್ಷ, ಎಂ.ಎಸ್‌ಸಿ.ಗೆ ಎರಡು, ಪಿಎಚ್.ಡಿ.ಗೆ ಐದಾರು ವರ್ಷ. ಬರೀ ಪದವಿ ಮುಗಿಸಿದವರಿಗೆ 'ನರವಿಜ್ಞಾನಿ' ಎಂಬ ಕೆಲಸ ಸಿಗುವುದಿಲ್ಲ. ಸಂಶೋಧನಾ ಹುದ್ದೆಗಳು ಕಡಿಮೆ, ಪೈಪೋಟಿ ಹೆಚ್ಚು.

ಆದರೆ ಇನ್ನೊಂದು ಮಗ್ಗುಲೂ ಇದೆ. ಸರ್ಕಾರಿ ಕಾಲೇಜಿನ ಪದವಿಗೆ ಕೋಚಿಂಗ್‌ನಷ್ಟು ಹಣ ಬೇಡ. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸಂಶೋಧನಾ ಫೆಲೋಶಿಪ್ ಪಡೆದವರಿಗೆ ಪಿಎಚ್.ಡಿ. ಓದುವಾಗಲೇ ತಿಂಗಳಿಗೆ ಹಣ ಬರುತ್ತದೆ. ಕಿರಿಯ ಫೆಲೋಶಿಪ್ ಮೊತ್ತವನ್ನು 2023ರಲ್ಲಿ 37,000 ರೂಪಾಯಿಗೆ ಏರಿಸಲಾಯಿತು. ಮಧ್ಯದಲ್ಲಿ ನಿಲ್ಲಿಸಿದರೂ ಎಂ.ಎಸ್‌ಸಿ. ಮಾಡಿದವರು ಅಧ್ಯಾಪಕರಾಗಬಹುದು, ಔಷಧ ತಯಾರಿಕೆ ಮತ್ತು ರೋಗಪರೀಕ್ಷೆಯ ಕ್ಷೇತ್ರಗಳಿಗೆ ಹೋಗಬಹುದು.

ನೀಟ್ ಮತ್ತೊಮ್ಮೆ ಬರೆಯುವುದು ತಪ್ಪೇ? ಅಲ್ಲ. ಮಗುವಿಗೆ ರೋಗಿಗಳ ಸೇವೆಯಲ್ಲಿ ಮನಸ್ಸಿದ್ದು, ಅಂಕ ಸ್ವಲ್ಪದರಲ್ಲಿ ತಪ್ಪಿದ್ದರೆ ಬರೆಯಲಿ. ಆದರೆ ಮಗುವಿಗೆ ಬೇಡವಾದದ್ದನ್ನು ಸಾಲದ ಹೊರೆಯ ಜೊತೆ ಹೊರಿಸುವುದು ಸರಿಯಲ್ಲ. ಪರೀಕ್ಷೆಯ ಫಲಿತಾಂಶದ ತಿಂಗಳುಗಳಲ್ಲಿ ನಿದ್ರೆ ಬಿಟ್ಟ, ಊಟ ಬಿಟ್ಟ, ಮಾತು ಬಿಟ್ಟ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಎರಡು ವಾರ ಮೀರಿ ಹೀಗೇ ಇದ್ದರೆ, ಬದುಕು ಬೇಡ ಎಂಬ ಮಾತು ಒಮ್ಮೆ ಬಂದರೂ, ಬೈಯದೆ ಕೂಡಲೇ ವೈದ್ಯರ ಬಳಿ ಕರೆತನ್ನಿ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.

ಊರಿಗೆ ಇದರಿಂದ ಏನು ಲಾಭ?

"ಇಲಿ ಮೆದುಳು ನೋಡೋದ್ರಿಂದ ನಮಗೇನು ಬಂತು?" ಎಂದು ಹುಡುಗಿಯ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಅವರಿಗೆ ಯಳಂದೂರಿನ ಕಥೆ ಹೇಳಿದೆ. ಡಾ. ಮಣಿ ಮತ್ತು ಸಂಗಡಿಗರು ಯಳಂದೂರು ತಾಲ್ಲೂಕಿನ ಸುಮಾರು 65 ಸಾವಿರ ಜನರ ನಡುವೆ ಮನೆಮನೆ ಸಮೀಕ್ಷೆ ನಡೆಸಿದರು. ಸಾವಿರಕ್ಕೆ ನಾಲ್ಕೈದು ಜನರಿಗೆ ಮೂರ್ಛೆರೋಗವಿರುವುದು ಕಂಡಿತು. ಹಳ್ಳಿಯಲ್ಲಿ ಇರುವ ವ್ಯವಸ್ಥೆಯಲ್ಲೇ, ಫಿನೋಬಾರ್ಬಿಟೋನ್ ಮತ್ತು ಫೆನಿಟಾಯಿನ್ ಎಂಬ ಕಡಿಮೆ ಬೆಲೆಯ ಹಳೆಯ ಮಾತ್ರೆಗಳಿಂದಲೇ ಬಹಳ ಜನರ ರೋಗವನ್ನು ಹತೋಟಿಗೆ ತರಬಹುದೆಂದು ಅವರು ತೋರಿಸಿದರು. ಈ ವರದಿ 2001ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ಮೀರಿದ ಸಾವಿರಾರು ಜನರ ನೆನಪಿನ ಶಕ್ತಿಯನ್ನು ವರ್ಷಾನುಗಟ್ಟಲೆ ಪರೀಕ್ಷಿಸುವ ಅಧ್ಯಯನವನ್ನು ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೈಗೊಂಡಿದೆ. ಮರೆವಿನ ರೋಗ ನಮ್ಮ ಹಳ್ಳಿಯವರಿಗೆ ಯಾವಾಗ, ಯಾಕೆ ಬರುತ್ತದೆಂದು ತಿಳಿಯಲು ಪರದೇಶದ ಪುಸ್ತಕ ಸಾಲದು. ಇಲ್ಲಿನ ಭಾಷೆ, ಊಟ, ಸ್ನಾನ ಗೊತ್ತಿರುವ ಮಕ್ಕಳೇ ಬೇಕು.

ಬೆಂಗಳೂರಿಗೆ ಹೋದಾಗ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ಭೇಟಿಯ ದಿನ ವಿಚಾರಿಸಿಕೊಂಡು ಮಕ್ಕಳನ್ನು ಕರೆದೊಯ್ಯಿರಿ. ನಿಜವಾದ ಮೆದುಳನ್ನು ಕಣ್ಣಾರೆ ಕಂಡ ಮಗು ಮನೆಗೆ ಬರುವಾಗ ಹತ್ತು ಪ್ರಶ್ನೆ ಹೊತ್ತು ಬರುತ್ತದೆ.

ಮೂರ್ಛೆ ಬಂದಾಗ ನೆನಪಿಡಿ

* ರೋಗಿಯನ್ನು ಮಗ್ಗುಲಾಗಿ ಮಲಗಿಸಿ. ಬಿಗಿಯಾದ ಗುಂಡಿ, ಪಟ್ಟಿ ಸಡಿಲಿಸಿ. ಹತ್ತಿರದ ಕಲ್ಲು, ಬಿಸಿನೀರು, ಒಲೆಯಿಂದ ದೂರ ಸರಿಸಿ.
* ಕೈಗೆ ಕಬ್ಬಿಣ, ಬೀಗದಕೈ ಕೊಡಬೇಡಿ. ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯಬೇಡಿ. ಅವುಗಳಿಂದ ಮೂರ್ಛೆ ನಿಲ್ಲುವುದಿಲ್ಲ, ತಾನಾಗಿಯೇ ನಿಲ್ಲುತ್ತದೆ.
* ಬಾಯಿಗೆ ಚಮಚ, ಬಟ್ಟೆ ತುರುಕಬೇಡಿ. ಪೂರ್ತಿ ಎಚ್ಚರವಾಗುವವರೆಗೆ ನೀರನ್ನೂ ಕುಡಿಸಬೇಡಿ.
* ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿ.
* ಸ್ನಾನದಲ್ಲಿ ಮೂರ್ಛೆ ಬರುವವರಿಗೆ ನೀರು ಬೆಚ್ಚಗಿದ್ದರೆ ಸಾಕು. ಒಂದೇ ಸಮನೆ ತಲೆಗೆ ಸುರಿಯಬೇಡಿ. ಒದ್ದೆ ಬಟ್ಟೆಯಿಂದ ತಲೆ ಒರೆಸಬಹುದು. ಬಚ್ಚಲಮನೆಯ ಚಿಲಕ ಹಾಕಕೂಡದು.
* ಮಾತ್ರೆಯನ್ನು ವೈದ್ಯರ ಮಾತಿಲ್ಲದೆ ಶುರು ಮಾಡಬೇಡಿ, ನಿಲ್ಲಿಸಬೇಡಿ.

ಅಂದು ತಂದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಕೊನೆಗೆ, "ಕಾಲೇಜಿನ ಅರ್ಜಿಗೆ ಕಡೇ ದಿನ ಯಾವತ್ತು ಅಂತ ಕೇಳ್ಕಂಡು ಬಾ" ಎಂದು ಮಗಳಿಗೆ ಹೇಳಿದರು. ಕೋಚಿಂಗ್ ಮಾತು ಪೂರ್ತಿ ಬಿಟ್ಟಿದ್ದಾರೆಂದು ನಾನು ಹೇಳಲಾರೆ. ಹುಡುಗಿ ಈಗ ಬಿ.ಎಸ್‌ಸಿ. ಮೊದಲ ವರ್ಷದಲ್ಲಿದ್ದಾಳೆ. ತಮ್ಮನ ನೋಟ್‌ಪುಸ್ತಕವನ್ನು ಇನ್ನೂ ಬರೆಯುತ್ತಿದ್ದಾಳೆ. ಕಳೆದ ತಿಂಗಳು ತಂದು ತೋರಿಸಿದಾಗ ಅದರಲ್ಲಿ ಮೂರ್ಛೆಯ ಒಂದು ದಿನವೂ ಇರಲಿಲ್ಲ.

ನಿಮ್ಮ ಮನೆಯ ಮಗುವೂ 'ಯಾಕೆ' ಎಂದು ಕೇಳುತ್ತಿದ್ದರೆ ಗದರಬೇಡಿ. ಉತ್ತರ ನಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನೋಣ, ಎಲ್ಲಿ ಕಲಿಯಬಹುದು ಎಂದು ಜೊತೆಗೂಡಿ ವಿಚಾರಿಸೋಣ.